ಅಪ್ಪನ ಮೂಟೆ, ನನ್ನ ಡಂಬೆಲ್

2020ರ ಮಾರ್ಚ್ ಕೊನೆಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಹೇರೋಹಳ್ಳಿ ಕ್ರಾಸಿನ ಹತ್ತಿರ ನಾನು ಹೋಗುತ್ತಿದ್ದ ಜಿಮ್ಮಿಗೂ ಬೀಗ ಬಿತ್ತು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಮೈ ಕರಗಿಹೋಗುತ್ತದೆ ಎಂಬ ಭಯ ನನಗೆ. ಮನೆಯಲ್ಲಿದ್ದದ್ದು ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಒಂದೇ. ಮಹಡಿಯ ಮೇಲೆ ಅದನ್ನು ಎತ್ತಿ ಇಳಿಸುತ್ತ, ನಡುವೆ ದಂಡ ಹೊಡೆಯುತ್ತ ಬೆವರುತ್ತಿದ್ದೆ. ಅಪ್ಪ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟರು: “ಇಷ್ಟು ದಿನ ದುಡ್ಡು ಕೊಟ್ಟು ಭಾರ ಎತ್ತುತ್ತಿದ್ದೆಯಾ? ನಮಗೆ ದುಡ್ಡು ಅವರೇ ಕೊಡ್ತಿದ್ರು.”

ಅಪ್ಪ ಮಾಗಡಿ ಕಡೆಯಿಂದ ಬಂದು ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಮೂಟೆ ಹೊತ್ತವರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಮೂಟೆಯೆಂದರೆ ನೂರು ಕೆಜಿ. ಒಬ್ಬ ಗಂಡಾಳು ಐವತ್ತೈದು ಕೆಜಿಗಿಂತ ಹೆಚ್ಚು ಹೊರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಆ ಕಾಗದ ಯಾರ್ಡಿನ ಲಾರಿಗಳವರೆಗೆ ಬಂದು ತಲುಪಿರಲಿಲ್ಲ.

ಆ ಮಾತಿಗೆ ನಾನಾಗ ನಕ್ಕುಬಿಟ್ಟೆ. ಕಳೆದ ವರ್ಷ ಅಪ್ಪ ಕುರ್ಚಿಯಿಂದ ಏಳಲು ಎರಡೂ ಕೈ ಊರತೊಡಗಿದಾಗ ಅದೇ ಮಾತು ನೆನಪಾಗಿ ಕುಟುಕಿತು. ಅರವತ್ತೊಂಬತ್ತರ ವಯಸ್ಸು, ಬಟ್ಟೆಯೊಳಗೆ ಸಣ್ಣಗಾದ ತೊಡೆ. ತೋರಿಸಿದ ವೈದ್ಯರು “ರೋಗ ಏನೂ ಇಲ್ಲ, ಮಾಂಸಖಂಡ ಕರಗಿದೆ, ಶಕ್ತಿಯ ವ್ಯಾಯಾಮ ಮಾಡಿಸಿ” ಎಂದರು. ನಾನು ಜಿಮ್ ಎಂದೆ. ಅಪ್ಪ ಮನೆ ಎಂದರು. ಸ್ನೇಹಿತರಲ್ಲಿ ಅರ್ಧ ಜನ ತೂಕ ಎತ್ತದೆ ಮೈ ಬರುವುದಿಲ್ಲ ಎಂದರು, ಇನ್ನರ್ಧ ಜನ ಮನೆಯಲ್ಲಿ ಹದಿನೈದು ನಿಮಿಷ ಸಾಕು ಎಂದರು. ಈ ಜಗಳ ಎಲ್ಲಿ ಶುರುವಾಯಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿದದ್ದು, ನಮ್ಮ ಗರಡಿಮನೆಗಳಲ್ಲಿ ಈ ಜಗಳವೇ ಇರಲಿಲ್ಲ ಎಂಬುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಬಲ ನೋಡಿ ದರ್ಜೆ ಮಾಡುವುದು, ಅವರಿಗೆ ಕೊಡಬೇಕಾದ ಊಟ, ಮಾಡಿಸಬೇಕಾದ ಶ್ರಮ ಎಲ್ಲವೂ ಅಲ್ಲಿದೆ. ಭಾರ ಎತ್ತುವ ಶ್ರಮ, ಈಜುವ ಶ್ರಮ, ಕಂಬದ ಮೇಲಿನ ಶ್ರಮ ಒಂದರ ಪಕ್ಕ ಒಂದು ಬರುತ್ತವೆ. ಬೆಂಗಳೂರು ಪೇಟೆಯ, ಮೈಸೂರಿನ ಗರಡಿಗಳಲ್ಲೂ ಹಾಗೆಯೇ. ದಂಡ, ಬಸ್ಕಿ ಎಂದರೆ ಸ್ವಂತ ಮೈಯ ಭಾರ. ಗದೆ, ಲೋಡು, ಕಲ್ಲುಗುಂಡು ಎಂದರೆ ಹೊರಗಿನ ಭಾರ. ಬೆಳಿಗ್ಗೆ ಎದ್ದ ಪೈಲ್ವಾನ ಎರಡನ್ನೂ ಮಾಡಿ ಕೆಮ್ಮಣ್ಣಿಗೆ ಇಳಿಯುತ್ತಿದ್ದ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಜೋಳದ ಚೀಲವನ್ನೂ ಎತ್ತುವ ಸ್ಪರ್ಧೆ ಇಂದಿಗೂ ನಡೆಯುತ್ತದೆ. ಅಲ್ಲಿ ಗೆಲ್ಲುವವರಲ್ಲಿ ಜಿಮ್ ಕಾಣದವರೂ ಇರುತ್ತಾರೆ.

ಮನೆಯೋ ತೂಕವೋ ಎಂಬ ಪ್ರಶ್ನೆ ಹುಟ್ಟಿದ್ದು ವ್ಯಾಯಾಮ ಅಂಚೆಯಲ್ಲಿ ಮಾರಾಟವಾಗತೊಡಗಿದಾಗ. ಅದರಲ್ಲಿ ದೊಡ್ಡ ಹೆಸರು ಯೂಜೀನ್ ಸ್ಯಾಂಡೋ. 1867ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಆತ ಸರ್ಕಸ್ ಮತ್ತು ರಂಗದ ಮೇಲೆ ಭಾರಿ ತೂಕ ಎತ್ತಿ ಹೆಸರಾದವನು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆತ ನಡೆಸಿದ ಅಂಗಸೌಷ್ಠವ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್‌ನ ಕರ್ತೃ ಆರ್ಥರ್ ಕಾನನ್ ಡಾಯ್ಲ್ ಒಬ್ಬ ತೀರ್ಪುಗಾರ. ಸ್ಯಾಂಡೋ ಭಾರತಕ್ಕೂ ಪ್ರವಾಸ ಬಂದು ಹೋದ. ನಮ್ಮ ತಾತಂದಿರ ಬಾಯಲ್ಲಿ ತೋಳಿಲ್ಲದ ಬನಿಯನ್ನು ‘ಸ್ಯಾಂಡೋ ಬನಿಯನ್’ ಆಗಿ ಉಳಿದುಕೊಂಡಿತು. ಆದರೆ ಆತ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಮಾರಿದ್ದು ಹಗುರವಾದ, ಹಿಡಿಯಲ್ಲಿ ಸ್ಪ್ರಿಂಗ್ ಇಟ್ಟ ಡಂಬೆಲ್‌ಗಳನ್ನು. ತಾನು ದೊಡ್ಡ ತೂಕದಿಂದ ಬೆಳೆದವನು, ಗಿರಾಕಿಗೆ ಕೊಟ್ಟಿದ್ದು ಮನೆಯ ಮೂಲೆಯಲ್ಲಿ ಇಡಬಹುದಾದ ವಸ್ತು. ಭಾರಿ ತೂಕವನ್ನು ಅಂಚೆಯಲ್ಲಿ ಕಳಿಸಿದರೆ ಖರ್ಚು ಹೆಚ್ಚು ಎಂಬುದನ್ನು ಮರೆಯಬಾರದು.

ಸ್ಯಾಂಡೋ ಪದ್ಧತಿಗೆ ಮನಸೋತವರಲ್ಲಿ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯೂ ಒಬ್ಬರು. ಅವರ ಸಂಸ್ಥಾನಕ್ಕೆ ಸೇರಿದ್ದ ಗುಣದಾಳದ ಭಾಗ ಈಗ ನಮ್ಮ ವಿಜಯಪುರ ಜಿಲ್ಲೆಯಲ್ಲಿದೆ. ಹಲವು ವರ್ಷ ಸ್ಯಾಂಡೋ ಸಲಕರಣೆ ಹಿಡಿದ ಅವರು ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರಕ್ಕೆ ತಿರುಗಿದರು. ಸಲಕರಣೆ ಬೇಡ, ಜಾಗ ಬೇಡ, ಬಡವನೂ ಮಾಡಬಹುದು ಎಂದು ಶಾಲೆಗಳಿಗೆ ತಂದರು. ನಮ್ಮ ಕಾಲದ ‘ಹೋಂ ವರ್ಕೌಟ್’ ಪರವಾಗಿ ಹೇಳುವ ಮಾತುಗಳೆಲ್ಲ ಅವರ ಪ್ರಚಾರದಲ್ಲಿ ಆಗಲೇ ಬಂದುಹೋಗಿವೆ.

ಈ ಎರಡು ದಾರಿಗಳು ಸೇರಿದ್ದು ನಮ್ಮ ಬೆಂಗಳೂರಿನಲ್ಲಿ, ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆಯಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಯ್ಯರ್ (1897–1980) ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃ. ನನಗೂ ಹಾಗೆಯೇ ಗೊತ್ತಿದ್ದದ್ದು. ಪಿಯುಸಿಯಲ್ಲಿ ‘ಶಾಂತಲಾ’ ಓದಿ ಮುಗಿಸಿದಾಗ ಅದನ್ನು ಬರೆದವರು ದೇಶದ ಮೊದಲ ಸಾಲಿನ ಅಂಗಸಾಧಕರು ಎಂದು ಯಾರೂ ಹೇಳಲಿಲ್ಲ. 1920ರ ದಶಕದಲ್ಲೇ ಅವರು ವ್ಯಾಯಾಮಶಾಲೆ ನಡೆಸುತ್ತಿದ್ದರು. ಗ್ರೀಕ್ ಶಿಲ್ಪಗಳಂತೆ ನಿಂತ ಅವರ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲೂ ಬಂದವು. 1930ರ ಹೊತ್ತಿಗೆ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು, ಆಮೇಲೆ ಸೂರ್ಯನಮಸ್ಕಾರದ ಮೇಲೂ ಒಂದು ಪುಸ್ತಕ ಬರೆದರು. ಅವರ ಶಾಲೆಯಲ್ಲಿ ಬಾರ್‌ಬೆಲ್ಲೂ ಇತ್ತು, ಹಠಯೋಗದ ಆಸನಗಳೂ ಇದ್ದವು. ದೂರದವರಿಗೆ ಅಂಚೆಯಲ್ಲಿ ಪಾಠ ಹೋಗುತ್ತಿತ್ತು. ಅಂದರೆ ಇಂದು ಮೊಬೈಲಿನಲ್ಲಿ ಬರುವ ಕಾರ್ಯಕ್ರಮದ ಹಿರಿಯಣ್ಣ ಬೆಂಗಳೂರಿನ ಅಂಚೆಪೆಟ್ಟಿಗೆಯಲ್ಲಿ ಆಗಲೇ ಇದ್ದ.

ಆ ಬಳಗಕ್ಕೆ ಟಿ.ಪಿ. ಕೈಲಾಸಂ ಬಂದು ಕೂರುತ್ತಿದ್ದರು. ‘ರೂಪದರ್ಶಿ’ಯ ಕಥೆಯ ಎಳೆ ಅಯ್ಯರಿಗೆ ಸಿಕ್ಕಿದ್ದು ಕೈಲಾಸಂ ಬಾಯಿಂದ. ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಆರಿಸಿಕೊಂಡ ಹುಡುಗನೇ ವರ್ಷಗಳಾದ ಮೇಲೆ ಜೂದಾಸನ ಮುಖಕ್ಕೆ ರೂಪದರ್ಶಿಯಾಗಿ ಬರುತ್ತಾನೆ. ಬದುಕು ಒಂದೇ ದೇಹವನ್ನು ಎರಡು ಮಾಡಿಬಿಡುತ್ತದೆ ಎಂಬ ಕಥೆಯನ್ನು, ದೇಹವನ್ನು ಕಟ್ಟುವುದನ್ನೇ ಕಸುಬು ಮಾಡಿಕೊಂಡವರು ಬರೆದರು. ಅಪ್ಪನ ಹಳೆಯ ಫೋಟೋ ಒಂದು ನಮ್ಮ ಗೋಡೆಯ ಮೇಲಿದೆ. ಅದನ್ನೂ ಕುರ್ಚಿಯಲ್ಲಿ ಕೂತವರನ್ನೂ ನೋಡಿದಾಗ ಆ ಕಾದಂಬರಿ ನನಗೆ ಬೇರೆಯದೇ ಆಗಿ ಅರ್ಥವಾಗುತ್ತದೆ.

ಅಮೆರಿಕದಲ್ಲಿ ಮಾತ್ರ ಜಗಳ ಕಟುವಾಯಿತು. ಚಾರ್ಲ್ಸ್ ಅಟ್ಲಾಸ್ ತೂಕವಿಲ್ಲದೆ, ಮಾಂಸಖಂಡವನ್ನು ಮಾಂಸಖಂಡದ ಎದುರು ಒತ್ತಿಸುವ ‘ಡೈನಮಿಕ್ ಟೆನ್ಷನ್’ ಪಾಠಗಳನ್ನು ಅಂಚೆಯಲ್ಲಿ ಮಾರಿದ. ಬಾಬ್ ಹಾಫ್‌ಮನ್ ಅದು ಶುದ್ಧ ಬುರುಡೆ ಎಂದು ಬರೆದ. ವಿವಾದ 1930ರ ದಶಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್‌ವರೆಗೆ ಹೋಯಿತು. ಹಾಫ್‌ಮನ್ ಏನು ಮಾರುತ್ತಿದ್ದ? ಬಾರ್‌ಬೆಲ್. ನನ್ನ ಸ್ನೇಹಿತರು ಇಂದು ಆಡುವ ವಾದ ಮೂಲದಲ್ಲಿ ಇಬ್ಬರು ವ್ಯಾಪಾರಿಗಳ ವಾದ ಎಂದು ತಿಳಿದಾಗ ಮನಸ್ಸು ಸ್ವಲ್ಪ ಹಗುರಾಯಿತು.

ಆಸ್ಪತ್ರೆಯಿಂದ ಬಂದ ಮಾತು ಬೇರೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರ ಕಾಲುಗಳನ್ನು ಸರಿಮಾಡುತ್ತಿದ್ದ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್, ಅವರಿಗೆ ಭಾರ ಎತ್ತಿಸಿ, ಶಕ್ತಿ ಬಂದಂತೆ ಭಾರವನ್ನು ಹೆಚ್ಚಿಸುತ್ತ ಹೋದ. 1945ರಲ್ಲಿ ಪ್ರಕಟವಾದ ಆ ಕೆಲಸದಿಂದ ‘ಏರುತ್ತ ಹೋಗುವ ಪ್ರತಿರೋಧ’ ಎಂಬ ತತ್ತ್ವ ವೈದ್ಯಕೀಯಕ್ಕೆ ಬಂತು. ಮಾಂಸಖಂಡ ಬೆಳೆಯುವುದು ಅದಕ್ಕೆ ಅಭ್ಯಾಸವಿಲ್ಲದ ಕಷ್ಟ ಕೊಟ್ಟಾಗ, ಆಮೇಲೆ ಊಟ ಮತ್ತು ವಿಶ್ರಾಂತಿ ಸಿಕ್ಕಾಗ.

ಆ ಕಷ್ಟ ಕಬ್ಬಿಣದಿಂದಲೇ ಬರಬೇಕೆಂದಿಲ್ಲ. ದಂಡ ಹೊಡೆಯುವಾಗ ಕೈಗಳ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೇ ಎರಡು ಭಾಗ. ಎಪ್ಪತ್ತು ಕೆಜಿಯವನಿಗೆ ಅದು ನಲವತ್ತೈದು ಕೆಜಿಯಷ್ಟಾಯಿತು. 2017ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇನ್ನಾಗದು ಎನ್ನುವವರೆಗೆ ಮಾಡಿದರೆ ಹಗುರ ಭಾರವೂ ದೊಡ್ಡ ಭಾರವೂ ಮಾಂಸಖಂಡವನ್ನು ಹೆಚ್ಚು ಕಡಿಮೆ ಒಂದೇ ಸಮ ದಪ್ಪಮಾಡುತ್ತವೆ. ಒಂದೇ ಸಲಕ್ಕೆ ಗರಿಷ್ಠ ಭಾರ ಎತ್ತುವ ಶಕ್ತಿ ಮಾತ್ರ ದೊಡ್ಡ ಭಾರದಿಂದ ಹೆಚ್ಚು ಬರುತ್ತದೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದದ್ದು ಮನೆಯ ದಂಡದಿಂದ ಆಗುವ ಕೆಲಸವಲ್ಲ. ಮನೆಯ ವ್ಯಾಯಾಮಕ್ಕೆ ಇನ್ನೊಂದು ತೊಂದರೆಯೂ ಇದೆ: ಎದೆಗೆ, ತೋಳಿಗೆ ದಂಡ ಸಾಕು, ಆದರೆ ಕಾಲಿಗೆ ಬಸ್ಕಿ ಬೇಗ ಸುಲಭವಾಗಿಬಿಡುತ್ತದೆ. ಐದು ಕೆಜಿಯ ಬಿಲ್ಲೆ ಸೇರಿಸಿದಷ್ಟು ಸಲೀಸಾಗಿ ಮೈಗೆ ಭಾರ ಸೇರಿಸಲಾಗುವುದಿಲ್ಲ.

ಇದನ್ನೆಲ್ಲ ಓದಿದ ಮೇಲೆ ಅಪ್ಪನ ಮೂಟೆಯ ಲೆಕ್ಕವೂ ಬಿಡಿಸಿತು. ಇಪ್ಪತ್ತೈದು ವರ್ಷ ಅಷ್ಟು ಭಾರ ಹೊತ್ತವರಿಗೆ ಪೈಲ್ವಾನನ ಮೈ ಯಾಕೆ ಬರಲಿಲ್ಲ? ಭಾರ ಅವರ ಶಕ್ತಿಯನ್ನು ನೋಡಿ ಏರಲಿಲ್ಲ, ಲಾರಿ ಬಂದಂತೆ ಬಂತು. ವಿಶ್ರಾಂತಿಯ ದಿನವೆಂದರೆ ಕೂಲಿ ಇಲ್ಲದ ದಿನ. ಸೋಮೇಶ್ವರನ ಮಲ್ಲರಿಗೆ ಬೇಳೆ, ಮಾಂಸ, ಹಾಲು ಅರಮನೆಯಿಂದ ಬರುತ್ತಿತ್ತು. ಅಪ್ಪನ ಬುತ್ತಿಯಲ್ಲಿ ಮುದ್ದೆ ಮತ್ತು ನೀರುಸಾರು. ಮೊಟ್ಟೆ ಇದ್ದರೆ ಅದು ನನ್ನ ತಟ್ಟೆಗೆ ಬೀಳುತ್ತಿತ್ತು. ಇದನ್ನು ನಾನು ಅಪ್ಪನ ಹತ್ತಿರ ಹೇಳಿಲ್ಲ.

1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಿತು, ತೊಡೆಯ ಮಾಂಸ ಒಂಬತ್ತು ಪ್ರತಿಶತ ಬೆಳೆಯಿತು. ಈ ಸಾಲುಗಳನ್ನು ಅಪ್ಪನಿಗೆ ಓದಿ ಹೇಳಿದೆ. “ತೊಂಬತ್ತಾ?” ಎಂದು ಎರಡು ಸಲ ಕೇಳಿದರು.

ವೈದ್ಯರನ್ನು ಇನ್ನೊಮ್ಮೆ ಕೇಳಿ ಮನೆಯಲ್ಲೇ ಶುರುಮಾಡಿದೆವು. ವಾರಕ್ಕೆ ಮೂರು ದಿನ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ. ಮೊದಲ ವಾರ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದ್ದೆವು. ಆಗ ನಾಲ್ಕು ಸಲ ಎದ್ದರು. ಹತ್ತು ಸಲ ಆದಾಗ ಒಂದು ದಿಂಬು ತೆಗೆದೆವು, ಮತ್ತೆ ಹತ್ತಾದಾಗ ಇನ್ನೊಂದು. ಆಮೇಲೆ ನನ್ನ ಹಳೆಯ ಕಾಲೇಜು ಬ್ಯಾಗಿಗೆ ಎರಡು ಕೆಜಿ ಅಕ್ಕಿ ಹಾಕಿ ಎದೆಗೆ ಅಪ್ಪಿಕೊಳ್ಳಲು ಕೊಟ್ಟೆ. ದಿನಕ್ಕೆರಡು ಮೊಟ್ಟೆ ಅವರ ತಟ್ಟೆಗೆ. ಇದು ಮನೆಯ ವ್ಯಾಯಾಮವೋ ತೂಕದ ವ್ಯಾಯಾಮವೋ ಎಂದು ಯಾರಾದರೂ ಕೇಳಿದರೆ ನಾನು ಗರಡಿಯ ಕಡೆ ಕೈ ತೋರಿಸುತ್ತೇನೆ.

ನಾಲ್ಕು ತಿಂಗಳಾಯಿತು. ಕಳೆದ ಭಾನುವಾರ ಹೇರೋಹಳ್ಳಿ ಕೆರೆಯ ಕಡೆ ನಡೆದು ಹೋಗಿ ಕಲ್ಲುಬೆಂಚಿನ ಮೇಲೆ ಕೂತೆವು. ಹೊರಡುವಾಗ ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ಅಪ್ಪ ಅದನ್ನು ಹಿಡಿಯದೆ ಎದ್ದು ನಿಂತರು. ಮನೆಗೆ ಬಂದವರೇ ಬ್ಯಾಗನ್ನು ಕೈಯಲ್ಲಿ ತೂಗಿ ನೋಡಿ, ಯಾರ್ಡಿನ ದನಿಯಲ್ಲಿ ಹೇಳಿದರು: “ಐದು ಕೆಜಿ ಮಾಡು. ಈ ಸಲ ನನಗೆ ಎಷ್ಟಾಗುತ್ತೋ ಅಷ್ಟೇ ಹೊರೋದು.”