ಮಾರ್ಗಶೀರ್ಷ: ಒಂದು ಮಾಸನಾಮದ ಪೂರ್ವೇತಿಹಾಸ

ಯುಗಾದಿಯಂದು ಬೇವುಬೆಲ್ಲ ಸ್ವೀಕರಿಸಿ ಪಂಚಾಂಗಶ್ರವಣಕ್ಕೆ ಕುಳಿತ ಮನೆಯಲ್ಲಿ ವರ್ಷದ ಮೊದಲ ಮಾಸ ಚೈತ್ರ. ಅದೇ ಮನೆಯ ವಟುವು ಆಚಮನಕ್ಕೆ ಅಂಗೈಯಲ್ಲಿ ನೀರು ಹಿಡಿದು ಮೊದಲು ಉಚ್ಚರಿಸುವ ನಾಮ ಕೇಶವ. ಗೋಪೀಚಂದನದ ದ್ವಾದಶನಾಮಗಳನ್ನು ಧರಿಸುವಾಗಲೂ ಲಲಾಟಕ್ಕೆ ಕೇಶವನೇ. ಕೇಶವಾದಿ ಹನ್ನೆರಡು ರೂಪಗಳು ಹನ್ನೆರಡು ಮಾಸಗಳ ನಿಯಾಮಕರೂಪಗಳೆಂಬುದು ಆಸ್ತಿಕರಿಗೆ ವಿದಿತವೇ ಇದೆ. ಹಾಗಿದ್ದಲ್ಲಿ ಮೊದಲ ಮಾಸಕ್ಕೆ ಮೊದಲ ನಾಮ ಸಲ್ಲಬೇಕಿತ್ತಲ್ಲವೇ? ಆದರೆ ಚೈತ್ರಕ್ಕೆ ನಿಯಾಮಕನು ಐದನೆಯ ನಾಮದ ವಿಷ್ಣು. ಕೇಶವನು ಒಂಬತ್ತನೆಯದಾದ ಮಾರ್ಗಶೀರ್ಷಕ್ಕೆ ನಿಯಾಮಕ. ಚುರುಕಾದ ಬಾಲಕನು ಕೇಳಬಹುದಾದ ಈ ಪ್ರಶ್ನೆಗೆ ಉತ್ತರವು ಆ ಮಾಸದ ಹೆಸರುಗಳಲ್ಲಿಯೇ ಅಡಗಿದೆ.

ಮೊದಲು ಪ್ರಸಿದ್ಧವಾದ ಹೆಸರನ್ನೇ ನೋಡಬಹುದು. ಯಾವ ಮಾಸದಲ್ಲಿ ಹುಣ್ಣಿಮೆಯ ಚಂದ್ರನು ಮೃಗಶಿರಾ ನಕ್ಷತ್ರದ ಸಮೀಪದಲ್ಲಿರುತ್ತಾನೋ ಅದು ಮಾರ್ಗಶೀರ್ಷ, ಆಡುಮಾತಿನಲ್ಲಿ ಮಾರ್ಗಶಿರ. ಹುಣ್ಣಿಮೆಯಿಂದ ಮಾಸಕ್ಕೆ ಹೆಸರು ಬರುವ ಈ ಕ್ರಮವನ್ನು ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಮಳೆಗಾಲ ಕಳೆದು ಮಾರ್ಗಗಳು ತೆರೆದುಕೊಳ್ಳುವ ಕಾಲವಾದ್ದರಿಂದ ಮಾರ್ಗಶೀರ್ಷ ಎಂದು ಅರ್ಥ ಹೇಳುವುದೂ ಉಂಟು. ಕೇಳಲು ಸೊಗಸಾದರೂ ಅದು ಹೆಸರಿನ ಮೂಲವಲ್ಲ. ಇನ್ನೂ ಹಳೆಯದಾದ ವೈದಿಕ ನಾಮ 'ಸಹಸ್', ಎಂದರೆ ಬಲ. ಮಧು, ಮಾಧವ, ಶುಕ್ರ, ಶುಚಿ ಮೊದಲಾದ ಋತುಸೂಚಕವಾದ ಹನ್ನೆರಡು ಹೆಸರುಗಳಲ್ಲಿ ಸಹಸ್ ಮತ್ತು ಸಹಸ್ಯ ಹೇಮಂತಕ್ಕೆ ಸೇರಿದವು.

ಮೂರನೆಯ ಹೆಸರೇ ಇಲ್ಲಿ ಮುಖ್ಯವಾದುದು: ಆಗ್ರಹಾಯಣಿಕ. ಅಮರಸಿಂಹನು ತನ್ನ ಕೋಶದಲ್ಲಿ ಇದನ್ನು ಮಾರ್ಗಶೀರ್ಷದ ಪರ್ಯಾಯನಾಮವಾಗಿ ಹೇಳಿದ್ದಾನೆ. ಮೃಗಶಿರಾ ನಕ್ಷತ್ರಕ್ಕೂ 'ಆಗ್ರಹಾಯಣೀ' ಎಂಬ ಹೆಸರನ್ನು ಕೊಟ್ಟಿದ್ದಾನೆ. ಅಗ್ರವೆಂದರೆ ಮೊದಲು, ಹಾಯನವೆಂದರೆ ಸಂವತ್ಸರ. ವರ್ಷದ ಮೊದಲು ಎಂಬುದು ಇದರ ಅರ್ಥವೆಂದು ಸ್ಪಷ್ಟವಾಗಿಯೇ ತೋರುತ್ತದೆ. ಆದರೆ ಹಾಯನ ಶಬ್ದಕ್ಕೆ ಕಾಲ ಮತ್ತು ವ್ರೀಹಿ, ಎಂದರೆ ಭತ್ತ, ಎಂಬ ಎರಡು ಅರ್ಥಗಳನ್ನೂ ಪಾಣಿನಿಯೇ ಹೇಳಿದ್ದಾನೆ. ಮಾರ್ಗಶೀರ್ಷವು ಭತ್ತದ ಕೊಯ್ಲಿನ ಕಾಲವೂ ಹೌದು. ಹೊಸ ಬೆಳೆ ಮನೆಗೆ ಬರುವ ತಿಂಗಳಿನಿಂದ ವರ್ಷವನ್ನು ಎಣಿಸುವುದು ಕೃಷಿಪ್ರಧಾನ ಸಮಾಜಕ್ಕೆ ಸಹಜವಾದುದರಿಂದ ಈ ಎರಡು ಅರ್ಥಗಳಲ್ಲಿ ವಿರೋಧವನ್ನು ಕಲ್ಪಿಸಬೇಕಾಗಿಲ್ಲ. ಗೃಹ್ಯಸೂತ್ರಗಳು ಇದೇ ಹುಣ್ಣಿಮೆಯ ಸಂದರ್ಭದಲ್ಲಿ 'ಪ್ರತ್ಯವರೋಹಣ' ಎಂಬ ಕರ್ಮವನ್ನು ವಿಧಿಸುತ್ತವೆ. ಶ್ರಾವಣ ಹುಣ್ಣಿಮೆಯಿಂದ ಸರ್ಪಭಯದ ಕಾರಣ ಎತ್ತರದ ಹಾಸಿಗೆಯಲ್ಲಿ ಮಲಗುತ್ತಿದ್ದ ಮನೆಮಂದಿಯೆಲ್ಲ ಅಂದು ಕೆಳಗಿಳಿದು, ನೆಲದ ಮೇಲೆ ಹೊಸ ಹುಲ್ಲಿನ ಹಾಸಿನಲ್ಲಿ ಮಲಗುವ ಕರ್ಮವಿದು.

ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಮಾಸಗಳಲ್ಲಿ ಮಾರ್ಗಶೀರ್ಷವನ್ನು ತನ್ನ ವಿಭೂತಿಯೆಂದು ಹೇಳಿರುವುದು ಪ್ರಸಿದ್ಧ. ಭಗವಂತನು ಮಾಸವೇ ಆಗಿಬಿಡುತ್ತಾನೆಂದಲ್ಲ, ಅದರಲ್ಲಿ ಸನ್ನಿಹಿತನಾಗಿದ್ದು ಅದಕ್ಕೆ ಶ್ರೇಷ್ಠತೆಯನ್ನು ಕೊಡುತ್ತಾನೆ ಎಂಬುದು ಮಾಧ್ವಸಂಪ್ರದಾಯದ ವಿವರಣೆ. ಇದೇ ಮಾತನ್ನು ಓದುತ್ತಿದ್ದಾಗ ಪುಣೆಯ ಬಾಲಗಂಗಾಧರ ತಿಲಕರಿಗೆ ಬೇರೊಂದು ಜಿಜ್ಞಾಸೆ ಹುಟ್ಟಿತು. ಅದರ ಫಲವಾಗಿ 1893ರಲ್ಲಿ 'ಒರಾಯನ್' ಎಂಬ ಇಂಗ್ಲಿಷ್ ಗ್ರಂಥವು ಪ್ರಕಟವಾಯಿತು.

ತಿಲಕರ ವಾದವನ್ನು ತಿಳಿಯಲು ಮಳೆನಕ್ಷತ್ರವೊಂದನ್ನು ನೆನೆದರೆ ಸಾಕು. ಇಂದು ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವುದು ಜೂನ್ 7 ಅಥವಾ 8ರಂದು. ಕರ್ನಾಟಕದ ರೈತರು ಮೃಗಶಿರಾ ಮಳೆಯೆಂದೂ ಮಹಾರಾಷ್ಟ್ರದವರು 'ಮೃಗ'ವೆಂದೂ ಕಾಯುವುದು ಇದನ್ನೇ. ವಿಷುವದ್ಬಿಂದುವು ಸುಮಾರು 72 ವರ್ಷಗಳಿಗೆ ಒಂದು ಅಂಶದಂತೆ ಹಿಂದೆ ಸರಿಯುವುದರಿಂದ, ಸುಮಾರು ಆರು ಸಾವಿರ ವರ್ಷಗಳ ಹಿಂದೆ ವಸಂತ ವಿಷುವದ ದಿನವೇ ಸೂರ್ಯನು ಈ ನಕ್ಷತ್ರದಲ್ಲಿದ್ದನು. ಆದಕಾರಣ ಆಗ್ರಹಾಯಣೀ ಎಂಬ ಹೆಸರು ಮೊದಲು ನಕ್ಷತ್ರಕ್ಕೆ ಬಂದುದು, ಮಾಸವನ್ನು ವರ್ಷಾದಿಯೆಂದು ಭಾವಿಸಿದ್ದು ನಂತರದ ಗ್ರಹಿಕೆ ಎಂದು ತಿಲಕರು ವಾದಿಸಿದರು. ಜರ್ಮನಿಯ ಯಾಕೋಬಿ ಅದೇ ವರ್ಷ ಸ್ವತಂತ್ರವಾಗಿ ಹೆಚ್ಚುಕಡಿಮೆ ಇಂಥದೇ ಕಾಲನಿರ್ಣಯವನ್ನು ಮುಂದಿಟ್ಟರು. ಅಮೆರಿಕದ ವಿಟ್ನಿ ಮೊದಲಾದವರು ಇದನ್ನು ಒಪ್ಪಲಿಲ್ಲ. ಒಂದು ಹೆಸರಿನ ಮೇಲೆ ಅಷ್ಟು ಸಾವಿರ ವರ್ಷಗಳ ಭಾರವನ್ನು ಹೊರಿಸುವುದು ಸಾಹಸವೇ ಸರಿ. ಆದರೆ ಮಾಸವು ವರ್ಷಾದಿಯಾಗಿದ್ದುದು ಕೇವಲ ಗ್ರಹಿಕೆಯೆನ್ನಲು ಬರುವುದಿಲ್ಲ. ಅದಕ್ಕೆ ಆಕಾಶದಲ್ಲಲ್ಲದೆ ಭೂಮಿಯ ಮೇಲೆಯೇ ಸಾಕ್ಷಿಗಳಿವೆ.

ಮಹಾಭಾರತದ ಅನುಶಾಸನಪರ್ವದಲ್ಲಿ ದ್ವಾದಶೀ ಉಪವಾಸಗಳ ಫಲವನ್ನು ಹೇಳುವಾಗ ಮಾರ್ಗಶೀರ್ಷ ಮತ್ತು ಕೇಶವನಿಂದಲೇ ಆರಂಭ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ಜ್ಯೋತಿಷಿಯಾಗಿ ಚೈತ್ರಾದಿ ಗಣನೆಯನ್ನು ಚೆನ್ನಾಗಿ ಬಲ್ಲವನು. ಆದರೂ ಬೃಹತ್ಸಂಹಿತೆಯಲ್ಲಿ ಮಾಸಗಳಿಗೆ ಕೇಶವಾದಿ ನಾಮಗಳನ್ನು ಹೊಂದಿಸುವಾಗ ಮಾರ್ಗಶೀರ್ಷದಿಂದಲೇ ತೊಡಗಿ ಕಾರ್ತಿಕದ ದಾಮೋದರನಲ್ಲಿ ಮುಗಿಸುತ್ತಾನೆ. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಅಲ್‌ಬಿರೂನಿಯು, ಸಿಂಧ್ ಮತ್ತು ಕನೌಜಿನ ಜನ ಮಾರ್ಗಶೀರ್ಷದಿಂದ ವರ್ಷವನ್ನು ಆರಂಭಿಸುವ ಪದ್ಧತಿಯವರೆಂದು ಮುಲ್ತಾನಿನವರಿಂದ ಕೇಳಿ ದಾಖಲಿಸಿದ್ದಾನೆ. ಮುಲ್ತಾನಿನವರು ಮಾತ್ರ ಕೆಲವೇ ವರ್ಷಗಳ ಹಿಂದೆ ಅದನ್ನು ಬಿಟ್ಟು ಕಾಶ್ಮೀರದವರಂತೆ ಚೈತ್ರವನ್ನು ಹಿಡಿದರಂತೆ. ವ್ಯವಹಾರದ ವರ್ಷವು ಚೈತ್ರಕ್ಕೆ ಸರಿದ ಮೇಲೂ ಉಪಾಸನೆಯ ಕ್ರಮವು ಸರಿಯಲಿಲ್ಲ. ಸಂಧ್ಯಾವಂದನೆಗೆ ಕುಳಿತ ಬಾಲಕನ ಬಾಯಲ್ಲಿ ಕೇಶವನಾಮವು ಮೊದಲು ಬರುವುದು ಆ ಹಳೆಯ ವರ್ಷದ ಕ್ರಮದಲ್ಲಿಯೇ.

ಊರು ಬಿಟ್ಟು ಬಂದ ಕನ್ನಡ ಕುಟುಂಬಗಳಿಗೆ ಈ ಮಾಸವು ನಾನಾ ರೂಪಗಳಲ್ಲಿ ಎದುರಾಗುತ್ತದೆ. ದೆಹಲಿಯ ನೆರೆಹೊರೆಯವರು ಇದನ್ನು 'ಅಗಹನ್' ಎನ್ನುತ್ತಾರೆ; ಆಗ್ರಹಾಯಣವೇ ಸವೆದು ಆದ ರೂಪವದು. ಅವರದು ಪೂರ್ಣಿಮಾಂತ ಗಣನೆಯಾದ್ದರಿಂದ, ದಾಕ್ಷಿಣಾತ್ಯರ ಪಂಚಾಂಗದಲ್ಲಿ ಕಾರ್ತಿಕ ಬಹುಳವಿರುವಾಗಲೇ ಅವರ ಅಗಹನ್ ಆರಂಭವಾಗಿರುತ್ತದೆ; ಹುಣ್ಣಿಮೆ ಮಾತ್ರ ಇಬ್ಬರಿಗೂ ಒಂದೇ ದಿನ. ಮುಂಬಯಿ, ಪುಣೆಗಳಲ್ಲಿ ಮಾರ್ಗಶೀರ್ಷದ ಗುರುವಾರಗಳಂದು ಸುಮಂಗಲಿಯರು ಮಹಾಲಕ್ಷ್ಮೀವ್ರತವನ್ನು ಆಚರಿಸುವುದನ್ನು ಕಾಣಬಹುದು. ಚೆನ್ನೈಯ 'ಮಾರ್ಗಳಿ' ಇದೇ ಹೆಸರಿನ ತಮಿಳು ರೂಪವಾದರೂ ಅದು ಸೌರಮಾಸ. ಸೂರ್ಯನು ಧನೂರಾಶಿಯಲ್ಲಿರುವ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಆ ಕಾಲವು, ಮಾಧ್ವರ ಮನೆಗಳಲ್ಲಿ ಅರುಣೋದಯಕ್ಕೇ ಪೂಜೆ ಮುಗಿಸಿ ಹುಗ್ಗಿಯನ್ನು ನಿವೇದಿಸುವ ಧನುರ್ಮಾಸ. ಬಂಗಾಳದಲ್ಲಿ ವೈಶಾಖವೇ ವರ್ಷದ ಮೊದಲಾದರೂ ಅಲ್ಲಿಯ ಎಂಟನೆಯ ತಿಂಗಳಿಗೆ ಇಂದಿಗೂ ಅಗ್ರಹಾಯಣವೆಂದೇ ಹೆಸರು.