ಎ.ಐ. ಏಜೆಂಟ್ ಮತ್ತು ಜಾಲತಾಣದ ಅಂಕಿಅಂಶ: ಟೂಲ್ ವಿವರಣೆ ಬರೆಯುವ ಬಗೆ

ಜಾಲತಾಣವೊಂದಕ್ಕೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟವನ್ನು ನೋಡಿದರು ಎಂಬ ಲೆಕ್ಕಕ್ಕೆ ವೆಬ್ ಅನಾಲಿಟಿಕ್ಸ್ ಎಂದು ಹೆಸರು. ಗೂಗಲ್ ಅನಾಲಿಟಿಕ್ಸ್ ಇವುಗಳಲ್ಲಿ ಬಹಳ ಪ್ರಚಲಿತವಾದುದು. ಈ ಲೆಕ್ಕದ ಪುಟಗಳನ್ನು ನಾವೇ ತಿರುವಿ ಹಾಕುವ ಬದಲು ಎ.ಐ. ಏಜೆಂಟನ್ನು ಕನ್ನಡದಲ್ಲೇ ಕೇಳಿ ತಿಳಿಯುವ ಅನುಕೂಲ ಈಗ ಒದಗಿದೆ. ಏಜೆಂಟ್ ಬರಿಯ ಮಾತುಗಾರನಲ್ಲ. ಬೇಕೆನಿಸಿದಾಗ ಹೊರಗಿನ ತಂತ್ರಾಂಶವನ್ನು ತಾನೇ ಕರೆದು, ಬಂದ ಉತ್ತರವನ್ನು ಓದಿ ಮುಂದಿನ ಹೆಜ್ಜೆ ಇಡುತ್ತದೆ. ಹಾಗೆ ಕರೆಯಬಹುದಾದ ಒಂದೊಂದು ಕಾರ್ಯವೂ ಒಂದೊಂದು ಟೂಲ್.

ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಈ ಕರೆಗಳಿಗೆ ಒಂದು ಸಾಮಾನ್ಯ ಪದ್ಧತಿಯನ್ನು ಹಾಕಿಕೊಟ್ಟಿತು. 2025ರಲ್ಲಿ ಗೂಗಲ್ ಕೂಡ ತನ್ನ ಅನಾಲಿಟಿಕ್ಸ್‌ಗಾಗಿ ಇದೇ ಪದ್ಧತಿಯ ಸರ್ವರೊಂದನ್ನು ಹೊರತಂದಿತು. ಇಲ್ಲಿ ಟೂಲಿಗೆ ಒಂದು ಹೆಸರು, ಒಂದು ವಿವರಣೆ, ಭರ್ತಿ ಮಾಡಬೇಕಾದ ಒಂದು ನಮೂನೆ ಇರುತ್ತವೆ. ಟೂಲಿನ ಒಳಗಿನ ಪ್ರೋಗ್ರಾಮು ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಈ ಮೂರನ್ನೇ ನಂಬಿ ಅದು ಯಾವುದನ್ನು ಕರೆಯಬೇಕು, ಏನನ್ನು ತುಂಬಬೇಕು ಎಂದು ನಿರ್ಧರಿಸುತ್ತದೆ. ಆದ್ದರಿಂದ ವಿವರಣೆ ಬರೆಯುವುದು ತಂತ್ರಜ್ಞರ ಕೆಲಸವೆನ್ನುವುದಕ್ಕಿಂತ ಭಾಷೆಯ ಕೆಲಸವೆಂದೇ ನಾವು ಭಾವಿಸುತ್ತೇವೆ.

"ಅಂಕಿಅಂಶ ತರುತ್ತದೆ" ಎಂದಷ್ಟೇ ಬರೆದರೆ ಸಾಲದು. "ನಿಗದಿತ ಅವಧಿಯ ಬಳಕೆದಾರರು, ಸೆಷನ್‌ಗಳು ಹಾಗೂ ಪುಟವೀಕ್ಷಣೆಗಳನ್ನು ಕೊಡುತ್ತದೆ, ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಕೊಡಬೇಕು, ಈ ಕ್ಷಣ ತಾಣದಲ್ಲಿರುವವರ ಸಂಖ್ಯೆಗೆ ಇದನ್ನು ಬಳಸಬಾರದು, ಅದಕ್ಕೆ ರಿಯಲ್‌ಟೈಮ್ ಟೂಲ್ ಇದೆ" ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ. ಯಾವಾಗ ಬಳಸಬಾರದು ಎಂಬ ಮಾತನ್ನು ಬಹುಮಂದಿ ಬರೆಯುವುದೇ ಇಲ್ಲ. ರಿಯಲ್‌ಟೈಮ್ ವರದಿಯು ಸಾಮಾನ್ಯ ಖಾತೆಗಳಲ್ಲಿ ಕಳೆದ 30 ನಿಮಿಷಗಳದ್ದು ಮಾತ್ರ. ಇನ್ನೊಂದು ವರದಿಯ ಅಂಕಿಗಳು ಪೂರ್ಣಗೊಳ್ಳಲು 24ರಿಂದ 48 ಗಂಟೆ ಹಿಡಿಯಬಹುದು. ಇದನ್ನು ಹೇಳದಿದ್ದರೆ ನಿನ್ನೆಯ ಅರೆಬರೆ ಲೆಕ್ಕವನ್ನು ನೋಡಿ "ಓದುಗರು ಇಳಿದಿದ್ದಾರೆ" ಎಂದು ಏಜೆಂಟ್ ವರದಿ ಒಪ್ಪಿಸೀತು. ಸಂಪಾದಕ ಮಂಡಳಿ ಅದನ್ನೇ ನಂಬಿ ಒಂದು ಅಂಕಣವನ್ನು ನಿಲ್ಲಿಸಲೂಬಹುದು.

ಪದಗಳ ಅರ್ಥವನ್ನು ಹೇಳುವುದು ಅತ್ಯಗತ್ಯ. ಬ್ಯಾಂಕಿನಲ್ಲಿ ಖಾತೆಯ ಬಾಕಿ ಬೇರೆ, ತೆಗೆಯಲು ಲಭ್ಯವಿರುವ ಬಾಕಿ ಬೇರೆ. ಕೌಂಟರಿನ ಮುಂದೆ ನಿಂತ ಗ್ರಾಹಕರಿಗೆ ಇದನ್ನು ತಿಳಿಹೇಳುವುದರಲ್ಲೇ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಇಲ್ಲಿಯೂ ಹಾಗೆಯೇ. ಬೌನ್ಸ್ ರೇಟ್ ಎಂಬುದು ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್‌ನಲ್ಲಿ ಸ್ಥೂಲವಾಗಿ ಒಂದೇ ಪುಟ ನೋಡಿ ಹೊರಟವರ ಪ್ರಮಾಣವಾಗಿತ್ತು. ಆ ವ್ಯವಸ್ಥೆಯ ಸಾಮಾನ್ಯ ಖಾತೆಗಳು 2023ರ ಜುಲೈ 1ರಿಂದ ಲೆಕ್ಕ ಸ್ವೀಕರಿಸುವುದನ್ನು ನಿಲ್ಲಿಸಿದವು. ಈಗಿನ ಜಿ.ಎ.4ರಲ್ಲಿ 10 ಸೆಕೆಂಡಿಗಿಂತ ಹೆಚ್ಚು ಕಾಲ ನಡೆಯದ, ಎರಡನೆಯ ಪುಟವನ್ನೂ ತೆರೆಯದ, ಮುಖ್ಯವೆಂದು ಗುರುತಿಸಿದ ಯಾವ ಕ್ರಿಯೆಯೂ ನಡೆಯದ ಸೆಷನ್ನುಗಳ ಪ್ರಮಾಣವೇ ಬೌನ್ಸ್ ರೇಟ್. ಒಂದೇ ದೀರ್ಘ ಲೇಖನವನ್ನು ಕೊನೆಯವರೆಗೆ ಓದಿ ಹೋದವರು ಹಿಂದೆ ಬೌನ್ಸ್ ಎನಿಸುತ್ತಿದ್ದರು, ಈಗ ಎನಿಸುವುದಿಲ್ಲ. ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಹೋಲಿಸಬೇಡ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಕೂಡುವ ತಪ್ಪು ಇನ್ನೂ ಸಾಮಾನ್ಯ. ಸೋಮವಾರವೂ ಮಂಗಳವಾರವೂ ಬಂದ ಒಬ್ಬರೇ ಓದುಗರು ಎರಡೂ ದಿನದ ಲೆಕ್ಕದಲ್ಲಿರುತ್ತಾರೆ. ದಿನದ ಬಳಕೆದಾರರನ್ನು ಕೂಡಿದರೆ ತಿಂಗಳ ಬಳಕೆದಾರರು ಸಿಗುವುದಿಲ್ಲ. ಇಡೀ ತಿಂಗಳಿಗೆ ಒಂದೇ ವರದಿ ಕೇಳಬೇಕು. ಪುಟವೀಕ್ಷಣೆಗಳನ್ನಾದರೆ ಕೂಡಬಹುದು.

ಸಮಯವಲಯವನ್ನೂ ಮರೆಯಬಾರದು. ಖಾತೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಉಳಿದುಕೊಂಡಿದ್ದರೆ, ರಾಜ್ಯೋತ್ಸವದ ದಿನ ಮುಂಬಯಿಯಲ್ಲಿ ಬೆಳಗ್ಗೆ 9 ಗಂಟೆಗೆ ಬಂದವರು ಅಕ್ಟೋಬರ್ 31ರ ಲೆಕ್ಕಕ್ಕೆ ಸೇರುತ್ತಾರೆ! ಇನ್ನು ಸಣ್ಣ ತಾಣಗಳ ಪಾಲಿಗೆ ಮುಖ್ಯವಾದ ಮಾತೊಂದಿದೆ: ಬಳಕೆದಾರರು ತೀರ ಕಡಿಮೆಯಿದ್ದಾಗ ಅವರ ಗುರುತು ಸಿಗದಿರಲೆಂದು ಗೂಗಲ್ ಕೆಲವು ಸಾಲುಗಳನ್ನು ತಡೆಹಿಡಿಯುವುದುಂಟು. ಸಾಲು ಬಾರದಿದ್ದರೆ ಸೊನ್ನೆ ಎಂದು ತಿಳಿಯಬಾರದೆಂಬ ಸೂಚನೆಯೂ ಇರಲಿ.

ವಿವರಣೆಗಳು ಬಹುತೇಕ ಇಂಗ್ಲಿಷಿನಲ್ಲಿವೆ, ಪ್ರಶ್ನೆ ಕನ್ನಡದ್ದು. "ಎಷ್ಟು ಭೇಟಿ?" ಎಂದರೆ ಸೆಷನ್ನೋ, ಪುಟವೀಕ್ಷಣೆಯೋ, ಜನರೋ? ಬಂದವರು ಎಂದರೆ ಬಳಕೆದಾರರು, ಭೇಟಿ ಎಂದರೆ ಸೆಷನ್ ಎಂದು ಒಂದು ಸಾಲು ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ಹಾಗೆಂದು ಪ್ರಬಂಧವನ್ನೇ ಬರೆಯುವುದೂ ಬೇಡ. ಪ್ರತಿ ಟೂಲಿನ ವಿವರಣೆಯೂ ಏಜೆಂಟಿನ ಓದುವ ಹೊರೆಗೆ ಸೇರುತ್ತದೆ.

ಬರೆದಾದ ಮೇಲೆ ಉತ್ತರ ಮೊದಲೇ ತಿಳಿದಿರುವ ಹತ್ತು ಪ್ರಶ್ನೆಗಳನ್ನು ಕೇಳಿ, ಏಜೆಂಟ್ ಯಾವ ಟೂಲನ್ನು ಕರೆಯಿತು, ಯಾವ ದಿನಾಂಕ ತುಂಬಿತು ಎಂದು ನೋಡಬೇಕು. ಉತ್ತರ ತಪ್ಪಿದರೆ ಪ್ರಶ್ನೆಯನ್ನು ತಿದ್ದದೆ ವಿವರಣೆಯನ್ನು ತಿದ್ದಬೇಕು. ಪ್ರಶ್ನೆ ಕೇಳುವ ಓದುಗರು ನಾಳೆಯೂ ಹಾಗೆಯೇ ಕೇಳುತ್ತಾರೆ.