ಐದು ರೂಪಾಯಿ ಪರ್ಮಿಟ್ಟು, ಎರಡು ದಿನದ ಕೆನೆ

ನಿಗಡಿಯ ವೈನ್ ಶಾಪಿನಲ್ಲಿ ನಾನು ಪರ್ಮಿಟ್ ಕೇಳಿದಾಗ ಅಂಗಡಿಯವನು ನನ್ನ ಹಿಂದೆ ನಿಂತವರನ್ನೊಮ್ಮೆ ನೋಡಿ ನಕ್ಕ. "ಕಶಾಲಾ ಸಾಹೇಬ?" ಆದರೂ ಡ್ರಾಯರಿನ ತಳದಿಂದ ಪುಸ್ತಕ ಹುಡುಕಿ ತೆಗೆದು ಒಂದು ಚೀಟಿ ಹರಿದು ಕೊಟ್ಟ. ಐದು ರೂಪಾಯಿ, ಒಂದು ದಿನಕ್ಕೆ. ಇಪ್ಪತ್ತು ವರ್ಷದಿಂದ ಪ್ರಾಜೆಕ್ಟುಗಳ ಕಾಗದಪತ್ರ ನೋಡುತ್ತಾ ಬಂದವನಿಗೆ ಕಾಗದ ಸರಿಯಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಅದೊಂದು ಕಾಯಿಲೆ.

ಪುಣೆಗೆ ಹೊಸದಾಗಿ ಬಂದ ನಮ್ಮವರೆಲ್ಲ ಕೇಳುವ ಪ್ರಶ್ನೆ: ಇಲ್ಲಿನ ಬಾರುಗಳ ಬೋರ್ಡಿನ ಮೇಲೆ 'ಪರ್ಮಿಟ್ ರೂಮ್' ಎಂದು ಯಾಕಿರುತ್ತದೆ? ಉತ್ತರ ಆ ಚೀಟಿಯಲ್ಲೇ ಇದೆ. ಕಾಗದದ ಲೆಕ್ಕದಲ್ಲಿ ಮಹಾರಾಷ್ಟ್ರ ಇವತ್ತಿಗೂ ಪಾನನಿಷೇಧದ ರಾಜ್ಯ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ರದ್ದಾಗಿಲ್ಲ. ಹೆಸರಿನಲ್ಲಿದ್ದ ಮುಂಬಯಿ ಹೋಗಿ ಮಹಾರಾಷ್ಟ್ರ ಬಂದಿದೆ, ಇಸವಿ ಮಾತ್ರ ಅದೇ. ಕುಡಿಯುವವನು, ತನ್ನ ಮನೆಯ ಸೋಫಾದ ಮೇಲೆ ಕೂತು ಕುಡಿಯುವವನೂ, ಪರವಾನಗಿ ಹೊಂದಿರಬೇಕು. ದಿನಕ್ಕೆ ಐದು ರೂಪಾಯಿ, ಆಜೀವ ಬೇಕಾದರೆ ಸಾವಿರ. ಅದೂ ಯಾವುದಕ್ಕೆ? ಆರೋಗ್ಯ ಕಾಪಾಡಿಕೊಳ್ಳುವುದಕ್ಕೆ! ಪ್ರಾಧಿಕರಣದ ಫ್ಲ್ಯಾಟುಗಳಲ್ಲಿ ಶನಿವಾರ ರಾತ್ರಿ ಎಷ್ಟು ಜನ ಆರೋಗ್ಯ ಕಾಪಾಡಿಕೊಳ್ಳುತ್ತಾರೆ ಎಂಬುದನ್ನು ಸೊಸೈಟಿಯ ಕಸದ ಬುಟ್ಟಿ ಹೇಳುತ್ತದೆ.

ನಾನು ಕೊಂಡದ್ದು ನಮ್ಮೂರ ಕಡೆಯ ಸರಕು, ಅಮೃತ್. 1948ರಲ್ಲಿ ಬೆಂಗಳೂರಿನಲ್ಲಿ ರಾಧಾಕೃಷ್ಣ ಜಗದಾಳೆ ಶುರು ಮಾಡಿದ ಕಂಪನಿ. ಸೈನ್ಯದ ಕ್ಯಾಂಟೀನುಗಳಿಗೆ ಸರಬರಾಜು ಮಾಡುತ್ತ ಬೆಳೆದದ್ದು. 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕೊಲ್ಲಾಪುರದವನಾದ ನನ್ನ ಸಹೋದ್ಯೋಗಿ ಲೇಬಲ್ಲಿನ ಕಥೆ ಕೇಳಿ, "ಜಗದಾಳೆ ಅಂದರೆ ನಮ್ಮವರೇ" ಅಂದ. ಬೆಳಗಾವಿಯ ಗಲಾಟೆಯೇ ಮುಗಿದಿಲ್ಲ, ಇದೊಂದು ಬೇರೆ.

ಐರಿಶ್ ಕಾಫಿಯ ಹುಚ್ಚು ಹತ್ತಿದ್ದು ಡಬ್ಲಿನ್ನಿನಲ್ಲಿ ಆರು ತಿಂಗಳು ಆನ್‌ಸೈಟ್ ಇದ್ದಾಗ. ನಮ್ಮದು ಧಾರವಾಡದ ಚಹಾದ ಮನೆ. ಕಾಫಿ ಫಿಲ್ಟರು ನಮ್ಮಲ್ಲಿಗೆ ಬಂದದ್ದು ಹಾಸನದ ಹೆಂಡತಿಯ ಜೊತೆಗೆ. ಅವಳ ಡಿಕಾಕ್ಷನ್ನು, ಅಮೃತ್, ಸಕ್ಕರೆ, ಮೇಲೆ ಕೆನೆ. ಕೇಳುವುದಕ್ಕೆ ಸುಲಭ. ಮೊದಲ ಸಲ ಟೆಟ್ರಾ ಪ್ಯಾಕಿನ ಕ್ರೀಮು ಸುರಿದೆ. ಅದು ನೇರ ತಳಕ್ಕೆ ಹೋಗಿ, ಗ್ಲಾಸಿನ ತುಂಬ ರಾಡಿ ನೀರಿನ ಬಣ್ಣ.

ಕೆನೆ ಮುಳುಗುವ ಈ ಸಂಕಟ ನನ್ನದೊಬ್ಬನದೇ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣವಿತ್ತು. ಕೆಟ್ಟ ಹವೆಯಿಂದ ಅರ್ಧ ದಾರಿಗೆ ಹಿಂದಿರುಗಿ ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಅಲ್ಲಿನ ಅಡುಗೆಯವನು ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ, ಕೆನೆ ಹಾಕಿ ಕೊಟ್ಟ ಎಂಬುದು ಪ್ರಚಲಿತ ಕಥೆ. ಅದರ ರುಚಿ ಹತ್ತಿದ ಅಮೆರಿಕದ ಪತ್ರಕರ್ತ ಸ್ಟ್ಯಾಂಟನ್ ಡೆಲಪ್ಲೇನ್, 1952ರ ನವೆಂಬರ್ 10ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯೂನಾ ವಿಸ್ಟಾ ಎಂಬ ಕೆಫೆಯ ಮಾಲೀಕನ ಜೊತೆ ಕೂತು ಅದನ್ನೇ ಮಾಡಲು ನೋಡಿದ. ಗ್ಲಾಸಿನ ಮೇಲೆ ಗ್ಲಾಸು ಹಾಳಾಯಿತೇ ಹೊರತು ಕೆನೆ ತೇಲಲಿಲ್ಲ. ಮುಂದೆ ಆ ಊರಿನ ಮೇಯರ್ ಆದ, ಡೇರಿ ನಡೆಸುತ್ತಿದ್ದ ಜಾರ್ಜ್ ಕ್ರಿಸ್ಟೋಫರ್ ದಾರಿ ತೋರಿಸಿದರಂತೆ: ಕೆನೆಯನ್ನು 48 ಗಂಟೆ ಇಟ್ಟು, ಆಮೇಲೆ ಹದವಾಗಿ ಕಡೆಯಬೇಕು.

ನಾನೂ ಅದನ್ನೇ ಮಾಡಿದೆ. ಚಿತಳೆ ಹಾಲಿನ ಕೆನೆಯನ್ನು ಎರಡು ದಿನ ಫ್ರಿಜ್ಜಿನಲ್ಲಿ ಕೂಡಿಸಿಟ್ಟು, ಬೆಣ್ಣೆ ಬರುವುದಕ್ಕೆ ಬಹಳ ಮೊದಲೇ ಕೈ ನಿಲ್ಲಿಸಿದೆ. ಬಿಸಿ ಕಾಫಿಗೆ ಎರಡು ಚಮಚ ಸಕ್ಕರೆ ಪೂರಾ ಕರಗಿಸಿ (ಸಕ್ಕರೆ ರುಚಿಗಷ್ಟೇ ಅಲ್ಲ, ಅದು ಕಾಫಿಯನ್ನು ಭಾರ ಮಾಡುತ್ತದೆ, ಕೆನೆ ಮೇಲೆ ನಿಲ್ಲುವುದು ಅದರಿಂದ), 45 ಎಂಎಲ್ ವಿಸ್ಕಿ ಹಾಕಿ, ಚಮಚದ ಬೆನ್ನಿನ ಮೇಲಿಂದ ಕೆನೆಯನ್ನು ನಿಧಾನ ಇಳಿಬಿಟ್ಟೆ. ನಿಂತಿತು.

ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಪರ್ಮಿಟ್ ಚೀಟಿಯೂ ಅದರಲ್ಲಿತ್ತು, ತಮಾಷೆಗೆ. ಮರುದಿನ ಬೆಳಿಗ್ಗೆ ಧಾರವಾಡದಿಂದ ಅತ್ತ್ಯಾನ ಫೋನು. ಅಪ್ಪನಿಗಿಂತ ಎಂಟು ವರ್ಷ ದೊಡ್ಡವಳು.

"ಅದೇನ ಚೀಟಿ ಅದು? ದಾರೂ ಕುಡ್ಯಾಕ ಸರಕಾರ ಚೀಟಿ ಕೊಡತದೇನು?"

ಕಾಯ್ದೆ, ಇಸವಿ ಎಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ ಕಾಯ್ದೆದಾಗನ ನಿಮ್ಮಜ್ಜನ್ನ ಹಿಡದಿದ್ರು" ಅಂದಳು.

ನಾವು ಮರೆಯುವುದು ಇದನ್ನೇ. 1956ರ ಏಕೀಕರಣದ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ರಾಜ್ಯದಲ್ಲಿದ್ದವು. ಅಂದರೆ ನಿಗಡಿಯ ನಾನೂ ಧಾರವಾಡದ ನನ್ನಜ್ಜನೂ ಒಂದೇ ಕಾಯ್ದೆಯ ಪ್ರಜೆಗಳು. 1950ರಲ್ಲಿ ಪೂರ್ಣ ಪಾನನಿಷೇಧ ಬಂತು. ಮೊರಾರ್ಜಿ ದೇಸಾಯಿ ಮೊದಲು ಗೃಹಮಂತ್ರಿಯಾಗಿ, 1952ರಿಂದ ಮುಖ್ಯಮಂತ್ರಿಯಾಗಿ ಅದನ್ನು ಕಟ್ಟುನಿಟ್ಟಾಗಿ ನಡೆಸಿದರು. ಮುಂಬಯಿಯ ಎಫ್. ಎನ್. ಬಲ್ಸಾರಾ ಎಂಬವರು ವಿಸ್ಕಿ, ಬ್ರಾಂಡಿಯಿಂದ ಹಿಡಿದು ಕಲೋನು ಸುಗಂಧದವರೆಗೆ ತಮಗೆ ಇಟ್ಟುಕೊಳ್ಳುವ ಹಕ್ಕಿದೆ ಎಂದು ಕೋರ್ಟಿಗೆ ಹೋದರು. 1951ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆಲ್ಕೋಹಾಲ್ ಇರುವ ಔಷಧಿ, ಸುಗಂಧಗಳನ್ನು ಬಿಟ್ಟುಕೊಟ್ಟಿತು. ವಿಸ್ಕಿ, ಬ್ರಾಂಡಿಗಳನ್ನು ಬಿಡಲಿಲ್ಲ.

ಅಜ್ಜನ ಚೀಲದಲ್ಲಿದ್ದದ್ದು ಬ್ರಾಂಡಿ. ಗೋವಾ ಆಗ ಪೋರ್ಚುಗೀಸರದು. ಕ್ಯಾಸಲ್‌ರಾಕ್ ಗಡಿಯ ಸ್ಟೇಷನ್ನು. ಅಲ್ಲಿ ರೈಲ್ವೆಯಲ್ಲಿದ್ದ ನೆಂಟನ ಕೈಯಿಂದ ಒಂದು ಬಾಟಲಿ ಪಡೆದು, ಗೋಡಂಬಿ ಪೊಟ್ಟಣದ ಕೆಳಗಿಟ್ಟುಕೊಂಡು ಬಂದ ಅಜ್ಜ ಧಾರವಾಡ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ. ಒಂದು ರಾತ್ರಿ ಲಾಕಪ್ಪು, ದಂಡ, ಸಾಲಿ ಮಾಸ್ತರಿಕೆಯಿಂದ ಆರು ತಿಂಗಳು ಹೊರಗೆ. ಮತ್ತೆ ಸೇರಿದಾಗ ಹುಡುಗರು ಕರಿಹಲಗೆಯ ಮೇಲೆ ಬಾಟಲಿಯ ಚಿತ್ರ ತೆಗೆದಿರುತ್ತಿದ್ದರಂತೆ. ಸಾಯುವ ತನಕ 'ಬ್ರಾಂಡಿ ಮಾಸ್ತರ'.

ಈ ಹೆಸರು ನನಗೆ ಗೊತ್ತಿತ್ತು. ಅಪ್ಪ ತನ್ನಪ್ಪನ ಫೋಟೋ ಗೋಡೆಗೆ ಹಾಕಲಿಲ್ಲ, ಅದೂ ಗೊತ್ತಿತ್ತು. ಬಾಟಲಿ ಯಾರಿಗೆಂದು ಗೊತ್ತಿರಲಿಲ್ಲ.

"ನಿಮ್ಮಜ್ಜ ಕುಡ್ಯಾಂವ ಅಲ್ಲೋ. ನಿಮ್ಮಪ್ಪ ಹುಟ್ಟಿ ಹನ್ನೊಂದ ದಿವಸ ಆಗಿತ್ತು. ಅವ್ವಗ ಥಂಡಿ ಹತ್ತಿ ನಡಗತಿದ್ಲು. ಸೂಲಗಿತ್ತಿ, ಒಂದೊಂದ ಚಮಚ ಬ್ರಾಂಡಿ ಕುಡಸ್ರಿ, ಅಂದ್ಲು. ಎಲ್ಲೆ ಸಿಗಬೇಕು?" ಅಜ್ಜಿ ಬದುಕಿದಳು, ಬ್ರಾಂಡಿ ಇಲ್ಲದೆಯೇ. "ಮತ್ತ ಇದನ್ನ ಹೇಳಲಿಲ್ಲ ಯಾಕ?" ಅಂದೆ. "ಹೇಳಿದ್ರ ಕೂಸಿನ ಕಾಲ್ಗುಣ ಅಂತಿದ್ರು ಮಂದಿ. ಕುಡಕ ಅನ್ನಲಿ ಬಿಡು, ಹುಡುಗನ ಹೆಸರ ಬರಬಾರದು ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದ."

ಆಮೇಲೆ ಕಾಯ್ದೆ ತೆಗೆದು ಓದಿದೆ. ತುರ್ತು ಸಂದರ್ಭಕ್ಕೆ, ಔಷಧಿಯಾಗಿ, ಮನೆಯ ಯಜಮಾನನಿಗೆ ಬ್ರಾಂಡಿ, ರಮ್ಮು ಅಥವಾ ಶಾಂಪೇನಿಗೆ ಪರ್ಮಿಟ್ ಕೊಡಬಹುದೆಂಬ ಕಲಮು ಅದರಲ್ಲಿದೆ. ಬಾಣಂತಿಯ ಮನೆಗೆ ಶಾಂಪೇನು! ಆ ಕಲಮಿನ ಅಂಕಿಯ ಪಕ್ಕ ಒಂದು ಅಕ್ಷರವಿದೆ. ಮೂಲದಲ್ಲಿ ಇರದೆ ತಿದ್ದುಪಡಿಯಲ್ಲಿ ಬಂದದ್ದಕ್ಕೆ ಹಾಗೆ ಬರೆಯುತ್ತಾರೆ. ಕಾಯ್ದೆ ಮಾಡಿದವರಿಗೂ ಇಂಥ ಮನೆಗಳು ತಡವಾಗಿ ನೆನಪಾದವು.

ಕಳೆದ ಡಿಸೆಂಬರಿನಲ್ಲಿ ಅಪ್ಪ ನಿಗಡಿಗೆ ಬಂದರು. ಎಪ್ಪತ್ತು ದಾಟಿದ ರಿಟೈರ್ಡ್ ಹೆಡ್‌ಕ್ಲಾರ್ಕು. ನಾನು ಕುಡಿಯುವುದು ಗೊತ್ತಿದ್ದೂ ಎಂದೂ ಎದುರು ಕೂರದವರು. ಆ ರಾತ್ರಿ ನಾನು ಬೇಕೆಂದೇ ಅವರ ಮುಂದೆಯೇ ಎರಡು ಗ್ಲಾಸು ಮಾಡಿದೆ. ಅವರದಕ್ಕೆ ವಿಸ್ಕಿ ಇಲ್ಲ, ಕಾಫಿ ಮತ್ತು ಕೆನೆ. ಅತ್ತ್ಯಾ ಹೇಳಿದ್ದನ್ನೆಲ್ಲ ಹೇಳಿದೆ. ಆಣೆಯ ಮಾತು ಬಂದಾಗ ಅವರು ಕೈಯೊಡ್ಡಿ, "ಎಲ್ಲದ ಆ ಚೀಟಿ?" ಅಂದರು.

ಕೊಟ್ಟೆ. ಕನ್ನಡಕ ಹಾಕಿಕೊಂಡು, ಸಣ್ಣ ಅಕ್ಷರವನ್ನೂ ಬಿಡದೆ, ಎರಡೂ ಬದಿ ಓದಿದರು. "ತಾರೀಖು ಮುಗದದಲ್ಲೋ ಇದರದ್ದು" ಅಂದರು. ಮತ್ತೆ ತಿರುಗಿಸಿ ನೋಡಿದರು. "ಐದ ರೂಪಾಯಿ?"

"ಹೂಂ."

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಕಿಸೆಗಿಟ್ಟುಕೊಂಡರು. ಬಹಳ ಹೊತ್ತು ಕಿಟಕಿಯ ಕಡೆ ನೋಡಿ, ಆಮೇಲೆ ನನ್ನ ಗ್ಲಾಸಿನತ್ತ ಬೆರಳು ಮಾಡಿದರು.

"ಲಗೂ ಕುಡಿ. ಕೆನಿ ಮುಳಗಾಕತ್ತದ."